ಯಾರ ಮಾತಿಗೆ ನಗುತ್ತೇವೆ?

ಒಂದೇ ಪಂಕ್ತಿಯಲ್ಲಿ ಉಣ್ಣುವವರೆಲ್ಲ ಒಂದೇ ಮಾತಿಗೆ ನಗುವುದಿಲ್ಲ. ನಾನು ಗುರುಮಠದಲ್ಲಿ ಓದುತ್ತಿದ್ದಾಗ ಶನಿವಾರ ಸಂಜೆ ವಿಡಿಯೊ ಕ್ಯಾಸೆಟ್ ನೋಡಲು ನಮಗೆ ಅನುಮತಿಯಿತ್ತು. ಬ್ರಿಟನ್ನಿನ ಹಾಸ್ಯ ಧಾರಾವಾಹಿಗಳ ಪೈಕಿ ನನಗೆ ಅಚ್ಚುಮೆಚ್ಚಾದದ್ದು ‘ಮೈಂಡ್ ಯುವರ್ ಲಾಂಗ್ವೇಜ್’. ನನ್ನ ಸಹಪಾಠಿಯೊಬ್ಬರಿಗೆ ‘ಯೆಸ್ ಮಿನಿಸ್ಟರ್’. ಯಾವುದು ಮೇಲು ಎಂಬ ನಮ್ಮ ವಾದ ಊಟದ ಮನೆಯವರೆಗೂ ಸಾಗುತ್ತಿತ್ತು.

ಮೊದಲನೆಯದು 1977ರಲ್ಲಿ ಆರಂಭವಾದುದು. ಲಂಡನ್ನಿನ ಸಂಜೆ ತರಗತಿಯೊಂದರಲ್ಲಿ ಬ್ರೌನ್ ಮಾಸ್ತರರು ಪರದೇಶದವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಸಿಖ್ಖರ ರಂಜೀತ್, ಪಾಕಿಸ್ತಾನದ ಅಲಿ, ಸದಾ ಉಲ್ಲನ್ ಹೆಣೆಯುತ್ತಾ ಕೂರುವ ಜಮೀಲಾ ತಪ್ಪು ತಪ್ಪಾಗಿ ಮಾತನಾಡುತ್ತಾರೆ, ನಾವು ನಗುತ್ತೇವೆ. 1980ರಲ್ಲಿ ಬಿಬಿಸಿಯಲ್ಲಿ ಬಂದ ‘ಯೆಸ್ ಮಿನಿಸ್ಟರ್’ನಲ್ಲಿ ಭಾಷೆ ಬಾರದವರು ಯಾರೂ ಇಲ್ಲ. ಅಲ್ಲಿನ ಹಿರಿಯ ಅಧಿಕಾರಿ ಸರ್ ಹಂಫ್ರಿಗೆ ಭಾಷೆ ಅತಿಯಾಗಿಯೇ ಬರುತ್ತದೆ. ಉದ್ದುದ್ದ ವಾಕ್ಯಗಳ ಹಿಂದೆ ಸತ್ಯವನ್ನು ಬಚ್ಚಿಡುವುದೇ ಆತನ ವಿದ್ಯೆ. ಎರಡೂ ನಮ್ಮ ದೇಶದಲ್ಲಿ ಹಿಂದಿಯ ವೇಷ ತೊಟ್ಟವು: 1993ರಲ್ಲಿ ದೂರದರ್ಶನದ ‘ಜಬಾನ್ ಸಂಭಾಲ್ ಕೆ’, 2001ರಲ್ಲಿ ಸ್ಟಾರ್ ಪ್ಲಸ್‌ನ ‘ಜೀ ಮಂತ್ರೀಜಿ’.

“ನೀವು ಬಡಪಾಯಿಯ ನಾಲಿಗೆಗೆ ನಗುತ್ತೀರಿ, ನಾನು ಬಲ್ಲಿದನ ನಾಲಿಗೆಗೆ ನಗುತ್ತೇನೆ” ಎಂದು ಸಹಪಾಠಿ ಹೇಳುತ್ತಿದ್ದರು. ಅದು ಬರಿಯ ಜಾಣತನವೆಂದು ನಾನು ತಳ್ಳಿಹಾಕಿದ್ದೆ. ಜನಾಂಗಗಳನ್ನು ಅಚ್ಚೊತ್ತಿದಂತೆ ಚಿತ್ರಿಸುತ್ತದೆಂಬ ಆಕ್ಷೇಪದಿಂದಲೇ ನನ್ನ ಮೆಚ್ಚಿನ ಧಾರಾವಾಹಿಯನ್ನು 1979ರಲ್ಲಿ ನಿಲ್ಲಿಸಿದರೆಂದು ಆಗ ನಾನು ತಿಳಿದಿರಲಿಲ್ಲ.

ಗುರುದೀಕ್ಷೆಯ ತರುವಾಯ ಒಮ್ಮೆ ರಬಕವಿಯ ನೇಕಾರರೊಬ್ಬರ ಮನೆಗೆ ಹೋಗಿದ್ದೆ. ಓಣಿಯ ತುಂಬ ಮಗ್ಗದ ಸದ್ದು. ದಕ್ಷಿಣದವನಾದ ನಾನು ಹೊಸ್ತಿಲಲ್ಲೇ ನಿಂತು, “ಎಲ್ಲರದೂ ತಿಂಡಿ ಆಯಿತೇ?” ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಸೀಮೆಯಲ್ಲಿ ತಿಂಡಿ ಎಂದರೆ ತುರಿಕೆ! ಮನೆಯ ಹಿರಿಯರು ಮಗ್ಗ ನಿಲ್ಲಿಸಿ, “ಸುಮ್ಕಿರ್ರಲೇ, ನಾಷ್ಟಾ ಆತೇನು ಅಂತ ಕೇಳಾಕತ್ತಾರ ಫಾದರ್” ಎಂದು ನನ್ನ ಮಾನ ಕಾಯ್ದರು. ಬ್ರೌನ್ ಮಾಸ್ತರರ ತರಗತಿಯ ಹಿಂದಿನ ಬೆಂಚಿನಲ್ಲಿ ಅಂದು ಕುಳಿತಿದ್ದವನು ನಾನೇ.

ಆದರೂ ನಾನು ಪಾಠ ಕಲಿಯಲಿಲ್ಲ. ಕೆಲವು ವರ್ಷಗಳ ನಂತರ ನಗರವೊಂದರಲ್ಲಿ ಕ್ರಿಸ್ತಜಯಂತಿಯ ಕಾರ್ಯಕ್ರಮಕ್ಕೆ ಕಿರುನಾಟಕವೊಂದನ್ನು ಬರೆದೆ. ‘ಶುದ್ಧ ಕನ್ನಡ’ ಕಲಿಸುವ ತರಗತಿ. ಅಲ್ಲಿ ಏನೂ ತಿಳಿಯದ ದಡ್ಡ ವಿದ್ಯಾರ್ಥಿ, ರಬಕವಿಯ ನೇಕಾರ. ಸಭೆ ನಕ್ಕು ಸುಸ್ತಾಯಿತು. ನನ್ನ ಕರೆಗೆ ಓಗೊಟ್ಟು ಬಂದಿದ್ದ ಆ ಹಿರಿಯರು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಕೊನೆಗೆ ಬಳಿಗೆ ಬಂದು ಕೈಮುಗಿದು, “ಚಲೋ ಆತ್ರಿ ಫಾದರ್” ಎಂದರು. ತುಸು ತಡೆದು, “ನಾವು ಮಾತಾಡೂದು ನಿಮಗ ಹಂಗ ಕೇಳಸ್ತೈತೇನ್ರಿ?” ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನನಗೆ ನೆನಪಾದವರು ಸಂತ ಪೇತ್ರರು. ಪ್ರಧಾನ ಯಾಜಕನ ಅಂಗಳದಲ್ಲಿ ಅವರ ಗುಟ್ಟು ಬಯಲಾದದ್ದು ಗಲಿಲೇಯದ ಆಡುಮಾತಿನಿಂದ. ಪಂಚಾಶತ್ತಮದ ದಿನ ಪವಿತ್ರಾತ್ಮರು ಆ ಹಳ್ಳಿಯ ನಾಲಿಗೆಯನ್ನು ತಿದ್ದಿ ಜೆರುಸಲೇಮಿನ ನುಡಿಯನ್ನಾಗಿಸಲಿಲ್ಲ. ಮಾತನಾಡಿದವರು ಗಲಿಲೇಯದವರೆಂದು ಜನರು ಗುರುತಿಸಿದರು; ಆದರೂ ಪ್ರತಿಯೊಬ್ಬರೂ ತಮ್ಮ ತಮ್ಮ ನುಡಿಯಲ್ಲಿ ಕೇಳಿಸಿಕೊಂಡರು. ಧರ್ಮಸಭೆಯ ಮೊದಲ ಪ್ರಬೋಧನೆ ನಡೆದದ್ದು ಹಾಗೆ. ನಾನೋ ವೇದಿಕೆಯ ಮೇಲೆ ಅದೇ ನಾಲಿಗೆಯನ್ನು ನಗೆಪಾಟಲು ಮಾಡಿದ್ದೆ.

ಆ ಸೀಮೆಯ ಜನರಿಗೆ ನಗುವುದನ್ನು ನಾನು ಕಲಿಸಬೇಕಿರಲಿಲ್ಲ. ಕೌಜಲಗಿ ನಿಂಗಮ್ಮನವರಿಂದ ಹೆಸರಾದ ‘ಶ್ರೀಕೃಷ್ಣ ಪಾರಿಜಾತ’ ಅವರ ಮನೆಯಂಗಳದ ಆಟ. ಅಲ್ಲಿ ಸತ್ಯಭಾಮೆಯ ಗರ್ವ ಇಳಿಯುತ್ತದೆ. ದೂತಿ, ಭಾಗವತರ ಆಡುಮಾತು ದೊಡ್ಡವರನ್ನೂ ಕೆಣಕುತ್ತದೆ. ನನ್ನ ಸಹಪಾಠಿ ‘ಯೆಸ್ ಮಿನಿಸ್ಟರ್’ನಲ್ಲಿ ಮೆಚ್ಚಿದ ನಗೆಗೆ ಅದು ಹತ್ತಿರದ ನೆಂಟ.

ಇಷ್ಟಾದರೂ ‘ಮೈಂಡ್ ಯುವರ್ ಲಾಂಗ್ವೇಜ್’ ನೋಡುವುದೇ ಪಾಪವೆಂದು ನಾನು ಹೇಳಲಾರೆ. ಅಲ್ಲಿ ಎಷ್ಟೋ ಸಲ ಪೇಚಿಗೆ ಸಿಲುಕುವವರು ಮಾಸ್ತರರೇ. ‘ಯೆಸ್ ಮಿನಿಸ್ಟರ್’ ನೋಡುವವನಿಗೂ ತಾನೇ ಜಾಣನೆಂಬ ಬಿಂಕ ಬರಬಹುದು. ಅಭಿರುಚಿ ಅವರವರದು. ಆದರೆ ನಾವು ಯಾರನ್ನು ನೋಡಿ ನಗುತ್ತೇವೆಯೋ ಅವರು ಪಕ್ಕದಲ್ಲೇ ಕುಳಿತಿದ್ದರೆ ಅವರೂ ನಗಬಲ್ಲರೇ? ಇದೊಂದನ್ನು ಕೇಳಿಕೊಳ್ಳುವುದು ನಮ್ಮ ಹೊಣೆ.

ಮರುವರ್ಷ ರಬಕವಿಗೆ ಹೋಗಿ ಆ ಹಿರಿಯರಲ್ಲಿ ಕ್ಷಮೆ ಕೇಳಿದೆ. ಅವರು ಲಾಳಿಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. “ಮೊದಲ ನಾಷ್ಟಾ ಮಾಡ್ರಿ ಫಾದರ್. ತಿಂಡಿ ಮಾತ್ರ ಯಾರಿಗೂ ಬ್ಯಾಡ್ರಿ” ಎಂದರು.

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.