ಸುರಂಗದ ನಾಡಿನ ಶಾಲೆಗಳಲ್ಲಿ ಗಣಕದ ಒರತೆ

ಮಂಗಳೂರಿನಿಂದ ಹೊರಟ ಬೆಳಗಿನ ರೈಲು ನೇತ್ರಾವತಿ ಸೇತುವೆ ದಾಟಿ, ಉಳ್ಳಾಲ ಕಳೆದು ಮಂಜೇಶ್ವರ ತಲಪುವಾಗ ರಾಜ್ಯ ಬದಲಾಗಿರುತ್ತದೆ. ಕಿಟಕಿಯ ಬದಿಯಲ್ಲಿ ಕುಳಿತವರಿಗೆ ಅದು ತಿಳಿಯುವುದೇ ಇಲ್ಲ. ಅದೇ ತೆಂಗು, ಅದೇ ಮುರಕಲ್ಲಿನ ಗೋಡೆ, ಡಬ್ಬಿಯೊಳಗೆ ಅದೇ ತುಳು ಮಾತು. ನಿಲ್ದಾಣದ ಹಲಗೆಯ ಮೇಲೆ ಮಲಯಾಳ ಲಿಪಿ ಬಂದು ಕೂತದ್ದೊಂದೇ ಗುರುತು. ಗೋವಿಂದ ಪೈಗಳು ಬಾಳಿದ ಊರು ಹಿಂದೆ ಸರಿಯುತ್ತದೆ, ಉಪ್ಪಳ ಬಂದು ಹೋಗುತ್ತದೆ, ಕುಂಬಳೆಯಲ್ಲಿ ಬ್ಯಾಗು ಹೆಗಲಿಗೇರಿಸಿದ ಮಕ್ಕಳ ದಂಡು ಇಳಿಯುತ್ತದೆ.

ಕುಂಬಳೆಯಿಂದ ಪೂರ್ವಕ್ಕೆ ಬದಿಯಡ್ಕದತ್ತ ಬಸ್ಸು ಹತ್ತಿದರೆ ಕಾಸರಗೋಡಿನ ಇನ್ನೊಂದು ಮುಖ ಕಾಣುತ್ತದೆ. ಕಡಲು ಮರೆಯಾಗಿ ಗುಡ್ಡಗಳು ಏಳುತ್ತವೆ. ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ. ಈ ತೋಟಗಳಿಗೆ ನೀರು ಎಲ್ಲಿಂದ ಎಂದು ಹುಡುಕಿದರೆ ಕೆಲವು ಕಡೆ ಗುಡ್ಡದ ಬುಡದಲ್ಲಿ ಕಿರಿದಾದ ಬಾಯಿಯೊಂದು ಕಾಣಸಿಗುತ್ತದೆ. ಅದೇ ಸುರಂಗ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ಒಳಹೋಗುವಷ್ಟೇ ಜಾಗ. ಮುರಕಲ್ಲಿನ ಪದರಗಳಲ್ಲಿ ಇಂಗಿದ ಮಳೆನೀರಿನ ಒರತೆ ಸಿಗುವವರೆಗೆ ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತಾರೆ. ಒರತೆ ಸಿಕ್ಕಿತೆಂದರೆ ನೀರು ತನ್ನ ಭಾರಕ್ಕೆ ತಾನೇ ಹರಿದು ಹೊರಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹಿಂದೆಲ್ಲ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಆ ನೀರನ್ನು ಅಂಗಳಕ್ಕೆ ತರುತ್ತಿದ್ದರು. ಗುಡ್ಡದೊಳಗೆ ನೀರಿದ್ದರೆ ಸಾಲದು, ಅದು ಅಂಗಳದ ಕೊಡಪಾನಕ್ಕೆ ಬೀಳಬೇಕು ಎಂಬುದು ಇಲ್ಲಿನ ಹಿರಿಯರು ಕಂಡುಕೊಂಡ ಸತ್ಯ.

ಇದೇ ಸತ್ಯವನ್ನು ಇಲ್ಲಿನ ಶಾಲೆಗಳು ಈಗ ಇನ್ನೊಂದು ಬಗೆಯಲ್ಲಿ ಕಲಿಯುತ್ತಿವೆ.

ಮೂರು ಲಿಪಿಯ ಹಲಗೆ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಅದೇ ಹೆಸರಿನ ಜಿಲ್ಲೆಯಾಯಿತು. ರಾಜ್ಯ ಬದಲಾದರೂ ಕನ್ನಡ ಶಾಲೆಗಳು ಉಳಿದವು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಇದೇ ಬದಿಯಡ್ಕದ ಸಮೀಪದ ಪೆರಡಾಲದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿದವರು. ಇಂದಿಗೂ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಎಷ್ಟೋ ಶಾಲೆಗಳ ಹಲಗೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇವೆ. ಒಳಗಿನ ಮಗುವಿನ ನಾಲಗೆಯಲ್ಲಿ ನಾಲ್ಕನೆಯದೊಂದು ಇರುತ್ತದೆ: ತುಳುವೋ, ಕೊಂಕಣಿಯೋ, ಬ್ಯಾರಿಯೋ, ಹವ್ಯಕರ ಮಾತೋ.

ಈ ಶಾಲೆಗಳಿಗೆ ಗಣಕಯಂತ್ರ ಬಂದ ಕತೆಗೂ ಕನ್ನಡ ನಾಡಿಗೂ ಒಂದು ನಂಟಿದೆ. ಕೇರಳ ಸರಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿದ್ದು ಇಸ್ರೋದ ಮಾಜಿ ಅಧ್ಯಕ್ಷ, ಉಡುಪಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್ ನೇತೃತ್ವದ ಕಾರ್ಯಪಡೆಯ ವರದಿಯ ಮೇಲೆ. ಕಂಪ್ಯೂಟರನ್ನು ಕಲಿಸುವುದಷ್ಟೇ ಅಲ್ಲ, ಕಂಪ್ಯೂಟರಿನ ಮೂಲಕ ಗಣಿತ, ವಿಜ್ಞಾನ, ಸಮಾಜ ಪಾಠಗಳನ್ನೂ ಕಲಿಸಬೇಕೆಂಬುದು ಯೋಜನೆಯ ಹಾದಿಯಾಯಿತು. ಹೊರಗಿನ ಕಂಪೆನಿಗಳಿಗೆ ಬಿಟ್ಟುಕೊಡದೆ ಶಾಲೆಯ ಅಧ್ಯಾಪಕರನ್ನೇ ತರಬೇತುಗೊಳಿಸಿದರು. ದುಡ್ಡು ಕೊಟ್ಟು ಪರವಾನಗಿ ಪಡೆಯುವ ತಂತ್ರಾಂಶದ ಬದಲು ಗ್ನೂ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡರು. 2017ರಲ್ಲಿ ಈ ಯೋಜನೆಯೇ ‘ಕೈಟ್’ ಎಂಬ ಸರಕಾರಿ ಸಂಸ್ಥೆಯಾಯಿತು. 2018ರಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯಲ್ಲಿ 8ರಿಂದ 12ರವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದವು. ಕೇರಳದಲ್ಲಿ ಹೈಸ್ಕೂಲು ಆರಂಭವಾಗುವುದೇ 8ರಿಂದ.

ಮುಕ್ತ ತಂತ್ರಾಂಶವೆಂದರೆ ಬರಿಯ ಉಳಿತಾಯವಲ್ಲ. ಅದನ್ನು ಬಿಚ್ಚಿ ನೋಡಬಹುದು, ಬೇಕಾದ ಭಾಷೆಗೆ ಹೊಂದಿಸಬಹುದು, ಶಾಲೆಯ ಯಂತ್ರದಿಂದ ನಕಲು ಮಾಡಿ ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದರೂ ಅದು ಕಳವಾಗುವುದಿಲ್ಲ. ಮಗುವಿಗೆ ಪ್ರಾಮಾಣಿಕತೆಯ ಪಾಠ ಹೇಳುತ್ತಾ ಕದ್ದ ತಂತ್ರಾಂಶದಲ್ಲಿ ಕಲಿಸುವ ಮುಜುಗರವಿಲ್ಲ.

ತ್ರಿಕೋನದ ತುದಿ ಯಾರ ಕೈಯಲ್ಲಿ?

ಇಷ್ಟಾದ ಮೇಲೆ ಒರತೆ ಸಿಕ್ಕಿತೆಂದೇ ಹೇಳಬೇಕು. ಆದರೆ ತರಗತಿಯ ಲ್ಯಾಪ್‌ಟಾಪ್ ಇರುವುದು ಅಧ್ಯಾಪಕರ ಮೇಜಿನ ಮೇಲೆ. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಪರದೆಯ ಮೇಲೆ ಒಂದು ತ್ರಿಕೋನ. ಮೂರು ಕೋನಗಳ ಅಳತೆ ಪಕ್ಕದಲ್ಲೇ ಕಾಣುತ್ತದೆ. ಒಂದು ತುದಿಯನ್ನು ಹಿಡಿದೆಳೆದರೆ ತ್ರಿಕೋನ ಚಪ್ಪಟೆಯಾಗುತ್ತದೆ, ಉದ್ದವಾಗುತ್ತದೆ, ಮೂರು ಅಂಕಿಗಳೂ ಬದಲಾಗುತ್ತವೆ. ಮೊತ್ತ ಮಾತ್ರ 180 ಡಿಗ್ರಿಯಿಂದ ಕದಲುವುದಿಲ್ಲ. ಅಧ್ಯಾಪಕರು ಎಳೆದರೆ ಮಗು ಅದನ್ನು ನೋಡುತ್ತದೆ, ನಂಬುತ್ತದೆ. ತಾನೇ ಎಳೆದರೆ ಅದು ಮೊತ್ತವನ್ನು ಕೆಡಿಸಲು ನೋಡುತ್ತದೆ! ಹತ್ತು ಬಗೆಯಲ್ಲಿ ಎಳೆದು ಸೋತ ಮೇಲೆ ‘ಇದು ಹೀಗೇಕೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. ವಿಜ್ಞಾನ, ಗಣಿತ ಎರಡೂ ಆರಂಭವಾಗುವುದು ಆ ಪ್ರಶ್ನೆಯಿಂದ.

ಮಕ್ಕಳ ಕೈಗೆ ಯಂತ್ರ ಸಿಗುವುದು ಲ್ಯಾಬಿನಲ್ಲಿ. ಅಲ್ಲಿ ಸರಳ ಭಾಗಾಕಾರವೊಂದು ಎದುರಾಗುತ್ತದೆ. ತರಗತಿಯಲ್ಲಿ 40 ಮಕ್ಕಳು, ಲ್ಯಾಬಿನಲ್ಲಿ ಸುಸ್ಥಿತಿಯಲ್ಲಿರುವ ಯಂತ್ರಗಳು 10 ಎಂದಿಟ್ಟುಕೊಳ್ಳಿ. 40 ನಿಮಿಷದ ಪಿರಿಯಡಿನಲ್ಲಿ ಒಬ್ಬೊಬ್ಬರ ಪಾಲಿಗೆ 10 ನಿಮಿಷ. ಅದೂ ಸರಿಯಾಗಿ ಹಂಚಿದರೆ. ಹಂಚದಿದ್ದರೆ ಮೌಸ್ ಹಿಡಿದವನು ಹಿಡಿದೇ ಇರುತ್ತಾನೆ. ಮನೆಯಲ್ಲಿ ಕಂಪ್ಯೂಟರ್ ಇದ್ದು ಕೈ ಪಳಗಿದವನೇ ಇಲ್ಲಿಯೂ ಮುಂದೆ. ಹಿಂದೆ ನಿಂತ ಸಂಕೋಚದ ಹುಡುಗಿ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯನ್ನಾದರೋ ಅವಳು ಯಂತ್ರದ ಮುಂದೆ ಒಬ್ಬಳೇ ಕೂತು ಬರೆಯಬೇಕು. ಆದ್ದರಿಂದ ಶಾಲೆಗೆ ಎಷ್ಟು ಯಂತ್ರ ಬಂತೆಂದು ಕೇಳಿದರೆ ಸಾಲದು. ಕೊನೆಯ ಬೆಂಚಿನ ಮಗುವಿಗೆ ವಾರದಲ್ಲಿ ಎಷ್ಟು ನಿಮಿಷ ಸಿಕ್ಕಿತೆಂದು ಕೇಳಬೇಕು. ಬದಲಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ, ಗಡಿಯಾರ ನೋಡಿ ಕೈ ಬದಲಾಯಿಸಿದರೆ, ಒಂದು ರೂಪಾಯಿ ಖರ್ಚಿಲ್ಲದೆ ಯಂತ್ರಗಳು ಹೆಚ್ಚಿದಂತಾಗುತ್ತದೆ.

2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳು ಈ ದಾರಿಯನ್ನು ಸ್ವಲ್ಪ ಅಗಲ ಮಾಡಿವೆ. ಪ್ರೌಢಶಾಲೆಯ ಮಕ್ಕಳದೇ ಸಂಘವಿದು. ಸದಸ್ಯರು ಚಲನಚಿತ್ರಿಕೆ ಮಾಡುತ್ತಾರೆ, ಪ್ರೋಗ್ರಾಂ ಬರೆಯುತ್ತಾರೆ, ಯಂತ್ರ ಕೆಟ್ಟರೆ ಅಧ್ಯಾಪಕರ ಜೊತೆ ಬಗ್ಗಿ ನೋಡುತ್ತಾರೆ. ತಮಗೆ ತಿಳಿದದ್ದನ್ನು ಪಕ್ಕದವರಿಗೆ ಹೇಳಿಕೊಡುವುದೂ ಅವರ ಕೆಲಸ. 2025ರಿಂದ 10ನೇ ತರಗತಿಯ ಎಲ್ಲ ಮಕ್ಕಳ ಪಾಠದಲ್ಲೂ ರೋಬೋಟು ಸೇರಿದೆ. ಆದರೂ ಕೂಟಕ್ಕೆ ಆಯ್ಕೆಯಾಗದವರು ಉಳಿಯುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ಕೀಲಿಮಣೆಯ ಮೇಲೆ ಕನ್ನಡ

ಕಾಸರಗೋಡಿನಲ್ಲಿ ಇನ್ನೂ ಒಂದು ತೊಡಕಿದೆ. ಅದು ಭಾಷೆಯದು. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಪುಸ್ತಕ ಕನ್ನಡದಲ್ಲಿ, ಪರದೆಯ ಮೇಲಿನ ಪಟ್ಟಿ ಇಂಗ್ಲಿಷಿನಲ್ಲಿ, ರಾಜ್ಯದ ತರಬೇತಿ ಮಲಯಾಳದಲ್ಲಿ ಎಂದಾದರೆ ಕನ್ನಡ ಮಾಧ್ಯಮದ ಮಗು ಒಂದು ಕ್ಲಿಕ್ಕಿಗೆ ಮೂರು ಹೊಳೆ ದಾಟಬೇಕು. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸುವ ಬಗ್ಗೆ ಇಲ್ಲಿನ ತಂದೆತಾಯಂದಿರ ದೂರು ಹಳೆಯದು. ಅದಕ್ಕಾಗಿ ಮಕ್ಕಳೂ ಬೀದಿಗಿಳಿದದ್ದುಂಟು. ಯಂತ್ರ ಎಷ್ಟೇ ಹೊಸದಿರಲಿ, ‘ಅರ್ಥವಾಗಲಿಲ್ಲ ಸಾರ್’ ಎಂದು ತನ್ನ ಮಾತಿನಲ್ಲಿ ಹೇಳಲಾಗದ ಮಗುವಿಗೆ ಅದು ಗಾಜಿನ ಪೆಟ್ಟಿಗೆ ಮಾತ್ರ.

ಆದರೆ ಅದೇ ಯಂತ್ರದಲ್ಲಿ ಮಗು ಮೊದಲ ಸಲ ತನ್ನ ಹೆಸರನ್ನು ಕನ್ನಡದಲ್ಲಿ ಮೂಡಿಸಿದಾಗ ಆಗುವ ಸಂತೋಷವೇ ಬೇರೆ. ‘ಕ್ಷ’ ಎಂಬ ಒಂದು ಅಕ್ಷರ ಬರಬೇಕಾದರೆ ಯಂತ್ರದ ಲೆಕ್ಕದಲ್ಲಿ ‘ಕ’, ಸ್ವರವನ್ನು ತೆಗೆದುಹಾಕುವ ವಿರಾಮ ಚಿಹ್ನೆ, ಆಮೇಲೆ ‘ಷ’, ಹೀಗೆ ಮೂರು ಸಂಕೇತಗಳು ಸಾಲಾಗಿ ಬರಬೇಕು. ಕಾಗುಣಿತ ಬಲ್ಲ ಮಗುವಿಗೆ ಇದು ಹೊಸದಲ್ಲ. ಅಜ್ಜಿ ಹಲಗೆಯ ಮೇಲೆ ತಿದ್ದಿಸಿದ ವ್ಯಾಕರಣವೇ ಗಣಕದ ಒಳಗೂ ಕೂತಿದೆಯೆಂದು ಅದಕ್ಕೆ ತಿಳಿಯುತ್ತದೆ.

ಗುಡ್ಡದ ತುದಿಯ ತರಗತಿ

ದಾರಿ ಎಲ್ಲಿ ಕಿರಿದಾಗಿದೆ ಎಂಬುದನ್ನು ತೋರಿಸಿಕೊಟ್ಟದ್ದು 2020. ಕೊರೋನದಿಂದ ಶಾಲೆ ಮುಚ್ಚಿತು. ಮಾರ್ಚಿನಲ್ಲಿ ತಲಪಾಡಿಯ ಗಡಿಯೂ ಮುಚ್ಚಿತು. ಜೂನ್ 1ರಂದು ಕೈಟ್‌ನ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಆದರೆ ಟಿವಿಯಾಗಲಿ ಇಂಟರ್ನೆಟ್ಟಾಗಲಿ ಇಲ್ಲದ ಮಕ್ಕಳು ರಾಜ್ಯದಲ್ಲಿ ಸುಮಾರು 2.6 ಲಕ್ಷ ಇದ್ದಾರೆಂದು ಆಗ ಅಂದಾಜಾಯಿತು. ವಾಚನಾಲಯ, ಅಂಗನವಾಡಿಗಳಲ್ಲಿ ಟಿವಿ ಇಟ್ಟು ನೆರೆಯ ಮಕ್ಕಳನ್ನು ಕೂರಿಸಿದರು. ಗುಡ್ಡಗಾಡಿನ ಮಕ್ಕಳು ಅಪ್ಪನ ಫೋನು ಹಿಡಿದು ‘ರೇಂಜ್’ ಹುಡುಕುತ್ತಾ ಗುಡ್ಡ ಹತ್ತಿದರು. ಕೆಳಗೆ ನೀರಿನ ಸುರಂಗ, ಮೇಲೆ ಪಾಠದ ಒರತೆ! ಅಪ್ಪ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಒಂದೇ ಫೋನಿಗೆ ಅಕ್ಕ, ತಮ್ಮ ಇಬ್ಬರ ಪಾಠ. ಆ ವರ್ಷ ಅಕ್ಟೋಬರ್ 12ರಂದು ಕೇರಳದ ಸರಕಾರಿ, ಅನುದಾನಿತ ಶಾಲೆಗಳೆಲ್ಲ ಡಿಜಿಟಲ್ ಆದವೆಂದು ಸರಕಾರ ಸಾರಿದಾಗ ಮಕ್ಕಳು ಇದ್ದದ್ದು ಶಾಲೆಯಲ್ಲಲ್ಲ, ಮನೆಯಲ್ಲಿ.

ಆ ಪಾಠ ವ್ಯರ್ಥವಾಗಲಿಲ್ಲ. 2021ರ ‘ವಿದ್ಯಾಕಿರಣಂ’ ಯೋಜನೆಯಲ್ಲಿ ಲ್ಯಾಪ್‌ಟಾಪುಗಳು ಮೊದಲು ಪರಿಶಿಷ್ಟ ಪಂಗಡದ ಮಕ್ಕಳಿಗೆ ಹೋದವು. ಎಲ್ಲರಿಗಿಂತ ಹಿಂದೆ ಇದ್ದವರಿಂದ ಹಂಚಿಕೆ ಆರಂಭಿಸಿದ್ದು ಸರಿಯಾದ ಕ್ರಮ. 2023ರಲ್ಲಿ ರಾಜ್ಯದ್ದೇ ಆದ ಕೆ-ಫೋನ್ ಇಂಟರ್ನೆಟ್ ಜಾಲವೂ ಉದ್ಘಾಟನೆಯಾಯಿತು.

ಉಳಿದದ್ದು ಮನೆಯ ಕೆಲಸ. ಫೋನು ಕೊಟ್ಟರೆ ಮಗು ಹಾಳಾಗುತ್ತದೆಂದು ಹೆದರುವ ತಂದೆತಾಯಿಯರಿದ್ದಾರೆ. ಕೊಟ್ಟು ಸುಮ್ಮನಾಗುವವರೂ ಇದ್ದಾರೆ. ಇಬ್ಬರೂ ಮಗುವನ್ನು ಒಂಟಿಯಾಗಿ ಬಿಟ್ಟಂತೆಯೇ. ಸಂಜೆ ಚಹಾದ ಹೊತ್ತಿಗೆ ‘ಇವತ್ತು ಲ್ಯಾಬಿನಲ್ಲಿ ನಿನ್ನ ಕೈಗೆ ಮೌಸ್ ಬಂತಾ ಮಗಾ? ಏನು ಮಾಡಿದೆ?’ ಎಂದು ಕೇಳಲು ಕಂಪ್ಯೂಟರ್ ತಿಳಿದಿರಬೇಕಾಗಿಲ್ಲ. ಬರಲಿಲ್ಲವೆಂದರೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅದನ್ನೇ ಕೇಳಬಹುದು. ಮಗಳಿಗೂ ಮಗನಷ್ಟೇ ಹೊತ್ತು ಮನೆಯ ಫೋನು ಸಿಗುತ್ತಿದೆಯೇ ಎಂಬುದನ್ನಂತೂ ಮನೆಯವರೇ ನೋಡಿಕೊಳ್ಳಬೇಕು.

ಸಂಜೆಯ ಬಸ್ಸು ಬದಿಯಡ್ಕ ಬಿಟ್ಟು ಕುಂಬಳೆಯ ಕಡೆ ಇಳಿಯುವಾಗ ತೋಟದ ಮನೆಗಳಲ್ಲಿ ದೀಪ ಹತ್ತುತ್ತಿರುತ್ತದೆ. ಸುರಂಗ ಕೊರೆಯುವವರ ಕೆಲಸ ಒರತೆ ಕಂಡಲ್ಲಿಗೆ ಮುಗಿಯುವುದಿಲ್ಲ. ಒಳಗೆ ಕುಸಿದ ಮಣ್ಣನ್ನು ಆಗಾಗ ಬಾಚಿ ತೆಗೆಯಬೇಕು. ಇಲ್ಲದಿದ್ದರೆ ನೀರು ಗುಡ್ಡದಲ್ಲೇ ಉಳಿದು ಕೊಡಪಾನ ಬರಿದಾಗುತ್ತದೆ. ಮೂರು ಲಿಪಿಯ ಹಲಗೆಯ ಹಿಂದೆ, ಬೀಗ ಹಾಕಿದ ಲ್ಯಾಬಿನೊಳಗೆ ಸಾಲಾಗಿ ಕೂತ ಯಂತ್ರಗಳೂ ಅಷ್ಟೇ. ನಾಳೆ ಬೆಳಗ್ಗೆ ಬಾಗಿಲು ತೆರೆದಾಗ ಹಿಂದಿನ ಸಾಲಿನ ಆ ಹುಡುಗಿ ಮುಂದೆ ಬಂದು ತ್ರಿಕೋನದ ತುದಿಯನ್ನು ಎಳೆದರೆ, ನೀರು ಅಂಗಳಕ್ಕೆ ಬಂತೆಂದು ತಿಳಿಯಬಹುದು.