ಅತ್ತೆಗೊಂದು ಜಾಗ

ಅರವತ್ತಕ್ಕೆ ಅರಳು ಮರಳು ಅನ್ನೋ ಮಾತು ಕೇಳದ ಮನೆ ಇರಲಿಕ್ಕಿಲ್ಲ. ತಾತ ಕನ್ನಡಕ ತಲೆ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ ಈ ಮಾತು ಹೇಳಿ ನಕ್ಕು ಸುಮ್ಮನಾಗ್ತೀವಿ. ಆದರೆ ಡಿಮೆನ್ಷಿಯಾ ಅನ್ನೋದು ವಯಸ್ಸಾದ ಮೇಲೆ ಎಲ್ಲರಿಗೂ ಬರುವ ಮರೆವಲ್ಲ, ಮೆದುಳಿನ ಕಾಯಿಲೆ. ಅದರಲ್ಲಿ ಹೆಚ್ಚು ಕಾಣಿಸಿಕೊಳ್ಳೋದು ಆಲ್ಝೈಮರ್ಸ್. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ನಿಮ್ಮ ಸೆಕ್ಷನ್‌ನಲ್ಲಿ 60 ಜನ ಇದ್ದರೆ, ಎಲ್ಲರ ಮನೆಯ ಅಜ್ಜ ಅಜ್ಜಿಯರನ್ನು ಸೇರಿಸಿ ಪ್ರಾಬಬಿಲಿಟಿ ನೀವೇ ಹಾಕಿ ನೋಡಿ. ಹಾಗಾಗಿ ಇದು ಬೇರೆ ಯಾರದೋ ಮನೆ ಕಥೆ ಅಂದುಕೊಂಡು ಸ್ಕ್ರಾಲ್ ಮಾಡಬೇಡಿ.

ಇಲ್ಲಿ ನಾವು ಅಂದರೆ ಮೂವರು, ಅಣ್ಣತಮ್ಮಂದಿರ ಮಕ್ಕಳು. ದೊಡ್ಡವಳು ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕಿದ್ದಾಳೆ, ಚಿಕ್ಕವನು ಪಿಯುಸಿ, ನಡುವಿನವರು ಇದೇ ಕ್ಯಾಂಪಸ್ಸಿನ ಐದನೇ ಸೆಮಿಸ್ಟರ್. ಅತ್ತೆ ನಮ್ಮಪ್ಪಂದಿರ ಅಕ್ಕ. ತಿಪಟೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 34 ವರ್ಷ ಮೇಡಂ ಆಗಿದ್ದವರು. ಮಾವ ಬೇಗ ತೀರಿಕೊಂಡರು, ಮಕ್ಕಳಾಗಲಿಲ್ಲ. ನಮ್ಮ ಮೂವರ ಸ್ಕೂಲ್ ಫೀಸಲ್ಲೂ ಅವರ ಸಂಬಳದ ಪಾಲಿದೆ. ಬೇಸಿಗೆ ರಜದಲ್ಲಿ ಊರಿಗೆ ಹೋದರೆ ಹತ್ತೊಂಬತ್ತರ ಮಗ್ಗಿ ಒಪ್ಪಿಸದೆ ಮಾವಿನಹಣ್ಣು ಸಿಗ್ತಿರಲಿಲ್ಲ.

ಮೊದಲ ಸುಳಿವು ಬಂದದ್ದು ಕೊಬ್ಬರಿ ಮಂಡಿಯಿಂದ. ವ್ಯಾಪಾರಿಯೊಬ್ಬರು ಅಪ್ಪನಿಗೆ ಫೋನ್ ಮಾಡಿ, “ತಪ್ಪು ತಿಳ್ಕೋಬೇಡಿ ಸಾರ್, ಮೇಡಮ್ಮೋರು ಒಂದೇ ಲಾಟು ಕೊಬ್ಬರಿಗೆ ಎರಡು ಕಡೆ ಅಡ್ವಾನ್ಸ್ ಇಸ್ಕೊಂಡಿದಾರೆ” ಅಂದರು. ಜನ್ಮದಲ್ಲಿ ಒಂದು ರೂಪಾಯಿ ಲೆಕ್ಕ ತಪ್ಪಿದವರಲ್ಲ ಅತ್ತೆ.

ನಿಮ್ಹಾನ್ಸ್‌ಗೆ ಕರಕೊಂಡು ಬಂದೆವು. ಮೊದಲು ಬಿ12, ಥೈರಾಯ್ಡ್ ನೋಡಿದರು. ಇವುಗಳ ಕೊರತೆಯಿಂದಲೂ ಮರೆವು ಬರಬಹುದು, ಚಿಕಿತ್ಸೆ ಕೊಟ್ಟರೆ ಸುಧಾರಿಸಲೂಬಹುದು. ಈ ಪರೀಕ್ಷೆ ಮಾಡಿಸದೆ ಯಾರೂ “ಇನ್ನೇನು ವಯಸ್ಸಾಯ್ತು” ಅಂತ ಕೈಬಿಡಬಾರದು. ಅತ್ತೆಯ ರಿಪೋರ್ಟಲ್ಲಿ ಎರಡೂ ಸರಿಯಾಗಿತ್ತು. ಆಮೇಲೆ ಎಂಆರ್‌ಐ, ಆಮೇಲೆ 30 ಅಂಕದ ಒಂದು ಪ್ರಶ್ನಾವಳಿ: ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ, ಈ ಚಿತ್ರ ನೋಡಿ ಬರೆಯಿರಿ, ಒಂದು ವಾಕ್ಯ ಬರೆಯಿರಿ. ಅತ್ತೆ ಬರೆದ ವಾಕ್ಯ “ಶಾಲೆಗೆ ಹೊತ್ತಾಯಿತು”. ಬಂದ ಅಂಕ 14. ಡಾಕ್ಟರ್ ಬರೆದುಕೊಳ್ಳೋದನ್ನ ಇಣುಕಿ ನೋಡಿ, “ಅಕ್ಷರ ದುಂಡಗಿಲ್ಲ ನಿಮ್ಮದು” ಅಂದರು. ಆ ದಿನ ನಕ್ಕಿದ್ದು ಅದೊಂದೇ ಸಲ.

ಮುಂದಿನ ಒಂದೂವರೆ ವರ್ಷ ಕೆಂಗೇರಿಯ ನಮ್ಮ ಫ್ಲಾಟ್‌ನಲ್ಲಿದ್ದರು, ಮೂರನೇ ಮಹಡಿ. ಬೆಳಿಗ್ಗೆ ಏಳೂವರೆಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ತಿದ್ದರು, “ಬಸ್ ಹೋಗ್ಬಿಡುತ್ತೆ ಕಣೇ” ಅಂತ. ಒಂದು ದಿನ ನಿಜವಾಗಿಯೂ ಹೊರಟುಬಿಟ್ಟರು. ಮಧ್ಯಾಹ್ನ ಎರಡರ ಹೊತ್ತಿಗೆ ಬಸ್‌ಸ್ಟ್ಯಾಂಡ್‌ನಲ್ಲಿ ಸಿಕ್ಕರು, ತಿಪಟೂರು ಬಸ್ಸಿಗೆ ಕಾಯುತ್ತಾ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಿದ್ದೀರಲ್ಲ, 2016ರದ್ದು, ಅನಂತನಾಗ್ ಅವರ ವೆಂಕೋಬರಾವ್. ಆ ಶೀರ್ಷಿಕೆ ಕಾಣೆಯಾದವರ ಪ್ರಕಟಣೆಯ ಭಾಷೆ ಅಂತ ಗೊತ್ತಿತ್ತು. ನಮ್ಮ ಅತ್ತೆಯ ಬಣ್ಣ, ಎತ್ತರ, ಸೀರೆ ಯಾವುದು ಅಂತ ಫೋನಲ್ಲಿ ಟೈಪ್ ಮಾಡುವಾಗ ಅದು ಬೇರೆ ಥರ ಅರ್ಥ ಆಗುತ್ತೆ.

ಅವತ್ತಿಂದ ಅಮ್ಮ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗೋಕೆ ಶುರು ಮಾಡಿದರು. ಸಂಜೆಯಾದರೆ ಅತ್ತೆಗೆ ತಳಮಳ. ಹೊತ್ತು ಮುಳುಗುವಾಗ ಈ ಕಾಯಿಲೆಯವರಲ್ಲಿ ಇದು ಹೆಚ್ಚು, ಡಾಕ್ಟರುಗಳು ಸನ್‌ಡೌನಿಂಗ್ ಅಂತಾರೆ. “ಮನೆಗೆ ಹೋಗ್ಬೇಕು” ಅಂತ ಹಟ. ಒಂದು ವಾರ ಊರಿಗೇ ಕರಕೊಂಡು ಹೋದೆವು. ಅವರೇ ಕಟ್ಟಿಸಿದ ಮನೆ, ಅವರದೇ ಜಗಲಿ. ಅಲ್ಲೂ ದೀಪ ಹಚ್ಚೋ ಹೊತ್ತಿಗೆ “ಮನೆಗೆ ಹೋಗ್ಬೇಕು” ಅಂದರು. ಅವರು ಕೇಳ್ತಿದ್ದ ಮನೆ ಯಾವ ಅಡ್ರೆಸ್ಸಿನಲ್ಲೂ ಇರಲಿಲ್ಲ.

ರಾತ್ರಿಯ ನಿದ್ದೆ ಹೋಗಿ ಅಮ್ಮನಿಗೆ ಬಿಪಿ ಏರಿದ ಮೇಲೆ ಮನೆಯಲ್ಲಿ ಆ ಮಾತು ಬಂತು. ಬಂದ ಕೂಡಲೆ ನೆಂಟರ ಫೋನುಗಳೂ ಬಂದವು. “ಆಶ್ರಮಕ್ಕೆ ಹಾಕ್ತೀರಂತೆ?” ಹೀಗೆ ಕೇಳಿದವರಲ್ಲಿ ಒಬ್ಬರಾದರೂ ಒಂದು ರಾತ್ರಿ ಬಂದು ಆ ಚಾಪೆ ಮೇಲೆ ಮಲಗಿದ್ದರೆ ಅವರ ಮಾತಿಗೆ ಬೆಲೆ ಇರ್ತಿತ್ತು.

ಹುಡುಕೋ ಕೆಲಸ ನಮ್ಮ ಮೂವರ ಪಾಲಿಗೆ ಬಂತು, “ನಿಮಗೆ ನೆಟ್ಟಲ್ಲೆಲ್ಲ ಗೊತ್ತಾಗುತ್ತಲ್ಲ” ಅಂತ. ಮೊದಲು ಗೊತ್ತಾದದ್ದು, ವೃದ್ಧಾಶ್ರಮ ಬೇರೆ, ಡಿಮೆನ್ಷಿಯಾ ಇರುವವರನ್ನ ನೋಡಿಕೊಳ್ಳೋ ಜಾಗ ಬೇರೆ. ಹನ್ನೊಂದು ಕಡೆ ಫೋನ್ ಮಾಡಿದೆವು. ಆರು ಕಡೆ “ಮರೆವು, ಓಡಾಟ ಇದ್ದರೆ ತಗೊಳ್ಳಲ್ಲ” ಅಂದರು. ಬೆಂಗಳೂರಲ್ಲಿ ಇದಕ್ಕೆಂದೇ ಇರುವ ಕೇಂದ್ರಗಳು ಕೆಲವೇ. ಕಸ್ತೂರಿನಗರದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನದು ಹೆಚ್ಚು ಜನಕ್ಕೆ ಗೊತ್ತಿರುವಂಥದ್ದು. ತಿಪಟೂರಿನಂಥ ಊರಲ್ಲಿ ನಮಗೆ ಒಂದೂ ಸಿಗಲಿಲ್ಲ. ಹಿರಿಯರ ಸಹಾಯವಾಣಿ 14567 ಅಂತ ಒಂದಿದೆ, ಬರೆದಿಟ್ಟುಕೊಳ್ಳಿ.

ಎಂಜಿನಿಯರಿಂಗ್ ಓದೋರು ಅಂದಮೇಲೆ ಎಕ್ಸೆಲ್ ಶೀಟ್ ಇಲ್ಲದೆ ಆಗುತ್ತಾ? ತಿಂಗಳ ಫೀಸು, ಡಿಪಾಸಿಟ್, ದೂರ, ಹತ್ತಿರದ ಆಸ್ಪತ್ರೆ, ಎಲ್ಲಕ್ಕೂ ಒಂದೊಂದು ಕಾಲಮ್, ಒಂದೊಂದು ತೂಕ. ಐದು ಜಾಗ ನೋಡಿ ಬರುವಷ್ಟರಲ್ಲಿ ಬೇರೆ ಕಾಲಮ್‌ಗಳು ಹುಟ್ಟಿಕೊಂಡವು.

ಒಂದು ಕಡೆ ಲಾಬಿ ಹೋಟೆಲ್ಲಿನಂತಿತ್ತು. ಒಳಗೆ ಹೋದರೆ ಬೆಳಿಗ್ಗೆ ಹನ್ನೊಂದಕ್ಕೆ ಹದಿನೈದು ಜನ ಟಿವಿ ಮುಂದೆ, ಅರ್ಧ ಜನ ನಿದ್ದೆಯಲ್ಲಿ. ಇನ್ನೊಂದು ಕಡೆ ನಾಲ್ಕು ಜನರ ಕುರ್ಚಿಗೆ ಮುಂದೊಂದು ಹಲಗೆ, ಅವರು ಎದ್ದೇಳೋಕಾಗದ ಹಾಗೆ ಹಿಂದಿನಿಂದ ಚಿಲಕ. “ಬೀಳಬಾರದು ಅಂತ” ಅಂದರು. ಬೀಳದಿರೋಕೆ ಗೋಡೆಗೆ ಹಿಡಿಕೆ ಹಾಕಬಹುದು, ನೆಲ ಜಾರದಂತೆ ಮಾಡಬಹುದು, ಜೊತೆಗೊಬ್ಬರು ನಡೆಯಬಹುದು. ಕಟ್ಟಿ ಕೂರಿಸೋದು ಅಗ್ಗ, ಅಷ್ಟೆ. ರಾತ್ರಿ ಗಲಾಟೆ ಮಾಡಿದರೆ ಏನ್ಮಾಡ್ತೀರ ಅಂತ ಎಲ್ಲ ಕಡೆ ಕೇಳಿದೆವು. “ಇಂಜೆಕ್ಷನ್ ಇದೆ” ಅಂತ ತಕ್ಷಣ ಹೇಳಿದ ಜಾಗಕ್ಕೆ ಮತ್ತೆ ಹೋಗಲಿಲ್ಲ.

ಎರಡನೇ ಸಲ ಹೇಳದೆ ಹೋಗಬೇಕು. ಸಂಜೆ ಆರರ ಮೇಲೆ ಹೋಗಬೇಕು, ಏಕೆಂದರೆ ಕಷ್ಟ ಇರೋದು ಆ ಹೊತ್ತಿನಲ್ಲೇ. ಬಾಗಿಲು ದಾಟಿದ ಕೂಡಲೆ ಮೂಗಿಗೆ ಏನು ಬಡಿಯುತ್ತೆ ಅನ್ನೋದು ಬ್ರೋಷರ್‌ಗಿಂತ ಹೆಚ್ಚು ಹೇಳುತ್ತೆ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಅಂತ ಸಂಖ್ಯೆಯಲ್ಲೇ ಕೇಳಿ. “ಸಾಕಷ್ಟು ಜನ ಇದಾರೆ” ಅನ್ನೋದು ಉತ್ತರ ಅಲ್ಲ. ಫೀಸಿನಲ್ಲಿ ಏನೇನು ಸೇರಿಲ್ಲ ಅಂತಲೂ ಕೇಳಿ. ನಮಗೆ ಹೇಳಿದ್ದು ತಿಂಗಳಿಗೆ 32 ಸಾವಿರದಿಂದ 65 ಸಾವಿರದವರೆಗೆ. ಡೈಪರ್, ಔಷಧ, ಆಂಬುಲೆನ್ಸ್, ಫಿಸಿಯೋಥೆರಪಿ ಎಲ್ಲ ಮೇಲೆ. ಹಾಸಿಗೆ ಹಿಡಿದರೆ ಇಟ್ಟುಕೊಳ್ತೀರಾ, ವಾಪಸ್ ಕಳಿಸ್ತೀರಾ? ಈ ಪ್ರಶ್ನೆಗೆ ಎರಡು ಕಡೆ ಮಾತು ಬದಲಾಯಿತು.

ಶೀಟ್‌ನಲ್ಲಿ ಮೊದಲು ಇರದೇ ಇದ್ದ ಮುಖ್ಯ ಕಾಲಮ್ ಭಾಷೆ. ಈ ಕಾಯಿಲೆಯಲ್ಲಿ ಹೊಸದು ಮೊದಲು ಅಳಿಸಿಹೋಗುತ್ತೆ, ಹಳೆಯದು ಹೆಚ್ಚು ಕಾಲ ಉಳಿಯುತ್ತೆ. ಆಮೇಲೆ ಕಲಿತ ಭಾಷೆಗಳು ಜಾರಿ, ತಾಯಿನುಡಿಗೆ ಮರಳುವವರು ಬಹಳ. ಅತ್ತೆಯ ಇಂಗ್ಲಿಷ್ ಆಗಲೇ ಹೋಗಿತ್ತು, ಹಿಂದಿ ಮೊದಲೇ ಅಷ್ಟಕ್ಕಷ್ಟೆ. ನಾವು ನೋಡಿದ ಕಡೆ ಅಟೆಂಡರುಗಳಲ್ಲಿ ಹೆಚ್ಚಿನವರು ದೂರದ ರಾಜ್ಯಗಳಿಂದ ಬಂದ ಹುಡುಗ ಹುಡುಗಿಯರು. ಕಷ್ಟಪಟ್ಟು ದುಡಿಯೋ ಮಕ್ಕಳು, ಅವರ ಮೇಲೆ ನಮಗೆ ದೂರಿಲ್ಲ. ಆದರೆ ಹೊಟ್ಟೆ ನೋಯ್ತಿದೆ ಅಂತ ಅತ್ತೆ ಕನ್ನಡದಲ್ಲಿ ಹೇಳಿದರೆ ಯಾರಿಗೆ ಅರ್ಥ ಆಗಬೇಕು? ಕನ್ನಡ ಉಳಿಸಿ ಅಂತ ನವೆಂಬರಲ್ಲಿ ನಾವೆಲ್ಲ ಕ್ಯಾಂಪಸ್ಸಿನಲ್ಲಿ ಮೆರವಣಿಗೆ ಮಾಡ್ತೀವಲ್ಲ, ಬೆಂಗಳೂರಿನ ಒಂದು ಕೋಣೆಯಲ್ಲಿ ನೀರು ಕೇಳೋಕೆ ಕನ್ನಡ ಸಾಲದೆ ಹೋಗೋದನ್ನ ಅಲ್ಲಿ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ.

ದುಡ್ಡಿನ ಮಾತು. ಪಿಂಚಣಿ ಸಾಲದು. ಊರ ಮನೆ, ಎರಡು ಎಕರೆ ತೆಂಗಿನ ತೋಟ ಅತ್ತೆ ಹೆಸರಲ್ಲಿದೆ. ಚಿಕ್ಕಪ್ಪನಿಗೆ ತೋಟ ಮುಟ್ಟೋದು ಇಷ್ಟವಿರಲಿಲ್ಲ, “ಮನೆತನದ ಆಸ್ತಿ” ಅಂದರು. ಆಗ ಅಕ್ಕ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ತೆಗೆದು ಓದಿದಳು: ಮಕ್ಕಳಿಲ್ಲದ ಹಿರಿಯರ ಆಸ್ತಿ ಯಾರ ವಶದಲ್ಲಿದೆಯೋ, ಅವರ ನಂತರ ಯಾರಿಗೆ ಬರುತ್ತದೋ, ಆ ವಾರಸುದಾರರಿಗೇ ಅವರನ್ನು ನೋಡಿಕೊಳ್ಳುವ ಹೊಣೆ. ಮನೆ ಎರಡು ದಿನ ಮೌನವಾಗಿತ್ತು. ಇನ್ನೊಂದು ತೊಡಕು ಸಹಿಯದು. ಮೊದಲೇ ಬರೆಸಿಟ್ಟ ಪವರ್ ಆಫ್ ಅಟಾರ್ನಿ ಕೂಡ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ನಮ್ಮ ಕಾನೂನಿನಲ್ಲಿ ನಿಲ್ಲೋದಿಲ್ಲ. ಇದಕ್ಕಾಗಿಯೇ ಪಾಲಕರನ್ನು ನೇಮಿಸಿ ಅಂತ ಹೈಕೋರ್ಟ್ ಮೆಟ್ಟಿಲು ಹತ್ತಿದ ಕುಟುಂಬಗಳಿವೆ. ಸದ್ಯ ತೋಟ ಮಾರುವ ಮಾತಿಲ್ಲ. ಕಾಯಿ ಮಾರಿದ ದುಡ್ಡು ನೇರ ಅತ್ತೆಯ ಖಾತೆಗೆ, ಕೊರತೆ ಬಿದ್ದದ್ದು ಅಣ್ಣತಮ್ಮಂದಿರಿಬ್ಬರ ಜೇಬಿನಿಂದ ಸಮಪಾಲು ಅಂತ ಆಗಿದೆ. ಚಿಕ್ಕಪ್ಪ ಪೂರ್ತಿ ಒಪ್ಪಿದಾರೆ ಅಂತ ಹೇಳಲಾರೆವು.

ಶೀಟ್‌ನಲ್ಲಿ ಹೆಚ್ಚು ಅಂಕ ಬಂದದ್ದು ಕನಕಪುರ ರಸ್ತೆಯ ಆಚೆ, ಹೂದೋಟ ಇದ್ದ ಜಾಗ. ಆರಿಸಿದ್ದು ಮೂರನೆಯದನ್ನ. ರಾಜರಾಜೇಶ್ವರಿ ನಗರದ ಕಡೆ ಹಳೇ ಮನೆಯೊಂದನ್ನ ಬದಲಾಯಿಸಿ ಮಾಡಿದ್ದು, ಹನ್ನೆರಡು ಜನ, ರಾತ್ರಿ ಇಬ್ಬರು ಎಚ್ಚರ ಇರ್ತಾರೆ. ಬಣ್ಣ ಅಲ್ಲಲ್ಲಿ ಕಿತ್ತಿದೆ. ಕೆಂಗೇರಿಯಿಂದ ಅಮ್ಮ ಒಂದೇ ಬಸ್ಸಲ್ಲಿ ಹೋಗಿ ಬರಬಹುದು. ಅಲ್ಲಿನ ಮೇಲ್ವಿಚಾರಕಿ ಮಂಡ್ಯದ ಕಡೆಯವರು. ಬೇರೆಯವರೆಲ್ಲ “ಯಾವ ಸ್ಟೇಜು?” ಅಂತ ಶುರು ಮಾಡಿದ್ದರು, ಈಕೆ ಮೊದಲು ಕೇಳಿದ್ದು “ಅಮ್ಮ ಏನ್ ಕೆಲ್ಸ ಮಾಡ್ತಿದ್ರು?”

ಅತ್ತೆಗೆ ಹೇಗೆ ಹೇಳೋದು ಅನ್ನೋದರಲ್ಲಿ ನಮ್ಮ ಮೂವರಲ್ಲೇ ಒಮ್ಮತ ಇರಲಿಲ್ಲ. ಚೆಕಪ್ ಅಂತ ಕರಕೊಂಡು ಹೋಗೋಣ ಅಂತ ಇಬ್ಬರು, ಬೇಡ ಅಂತ ಒಬ್ಬರು. ಅಪ್ಪ ಯಾರನ್ನೂ ಕೇಳಲಿಲ್ಲ, ಅವರೇ ಹೇಳಿದರು. ಆ ವಾರದಲ್ಲಿ ಮೂರು ಸಲ ಹೇಳಿದರು, ಅತ್ತೆಗೆ ಪ್ರತಿ ಸಲವೂ ಅದು ಮೊದಲ ಸಲ. ಮೊದಲ ದಿನ ಅತ್ತರು. ಎರಡನೇ ದಿನ “ತಿಂಗಳಿಗೆ ಎಷ್ಟಂತೆ?” ಅಂದರು. ಮೂರನೇ ದಿನ “ಅಲ್ಲಿ ಮಕ್ಕಳು ಇರ್ತಾರೇನೋ?” ಅಂತ ಕೇಳಿದರು. ನಾಲ್ಕನೇ ಸಲ ಹೇಳೋಕೆ ಅಪ್ಪನಿಂದ ಆಗಲಿಲ್ಲ.

ಈಗ ಏಳು ತಿಂಗಳಾಯ್ತು. ಏಳೂವರೆಗೆ ಬ್ಯಾಗ್ ಹಾಕಿಕೊಂಡು ಹೊರಟರೆ ಅಲ್ಲಿ ಯಾರೂ ತಡೆಯೋದಿಲ್ಲ. ಜೊತೆಗೊಬ್ಬರು ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ, ಊಟದ ಮನೆ ಮೇಜಿಗೆ ತಂದು ಕೂರಿಸ್ತಾರೆ. ಸ್ಲೇಟು ಬಳಪ ಕೊಟ್ಟಿದಾರೆ. ಎಲ್ಲ ಚೆನ್ನಾಗಿದೆ ಅಂತಲ್ಲ. ಐದು ಕೆಜಿ ಇಳಿದಿದಾರೆ, ಒಂದು ಸಲ ಬೇರೆಯವರ ಸೀರೆ ಉಡಿಸಿದ್ದರು, ಅದಕ್ಕೆ ಅಮ್ಮ ಜಗಳವನ್ನೂ ಆಡಿದರು. ಕೆಲವು ಸಂಜೆ ಗೇಟಿನ ಸರಳು ಹಿಡಿದು ನಿಲ್ತಾರಂತೆ. ಅಮ್ಮ ಮಾತ್ರ ಈಗಲೂ ರಾತ್ರಿ ಎರಡಕ್ಕೆ ಎದ್ದು ಬಾಗಿಲು ನೋಡಿ ಬರ್ತಾರೆ.

ಭಾನುವಾರ ಸರದಿ ಮೇಲೆ ಹೋಗ್ತೀವಿ. ನಮ್ಮ ಹೆಸರು ಅವರಿಗೆ ಬರೋದಿಲ್ಲ. “ಯಾವ ಕ್ಲಾಸು?” ಅಂತಾರೆ. ಐದನೇ ಸೆಮಿಸ್ಟರ್ ಅಂದರೆ, “ಅಂದ್ರೆ ಐದನೇ ಕ್ಲಾಸು” ಅಂತ ಅವರೇ ತೀರ್ಮಾನಿಸಿ ಮಗ್ಗಿ ಕೇಳ್ತಾರೆ. ಹತ್ತೊಂಬತ್ತರಲ್ಲಿ ಎಂಟು ದಾಟಿದ ಮೇಲೆ ತಡವರಿಸಿದರೆ ಈಗಲೂ ಹಿಡೀತಾರೆ. ಬರುವ ತಿಂಗಳಿಂದ ಫೀಸು ಎರಡು ಸಾವಿರ ಜಾಸ್ತಿ ಅಂತ ನೋಟಿಸ್ ಹಾಕಿದಾರೆ. ಚಿಕ್ಕಪ್ಪನ ಹತ್ತಿರ ಮಾತಾಡಬೇಕು. ನವೆಂಬರಿಗೆ ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡಬೇಕು, ಅದಕ್ಕೆ ಅವರ ಬೆರಳಚ್ಚು ಮೆಷಿನ್ನಿಗೆ ಸಿಗುತ್ತೋ ಇಲ್ಲವೋ ನೋಡಬೇಕು.