ಇತರೆ

ನನ್ನ ಪುಟ್ಟ ಮ್ಯೂಸಿಕ್ ಪ್ಲೇಯರಿನಲ್ಲಿ ಹಾಡುಗಳು ಬಹಳ ಶಿಸ್ತಿನಿಂದ ಕೂತಿವೆ. ಮೊದಲು ಹಿಂದೂಸ್ತಾನಿ, ಅದರೊಳಗೆ ಗಾಯಕರು, ಒಬ್ಬೊಬ್ಬ ಗಾಯಕರ ಒಳಗೆ ರಾಗಗಳು. ಆಮೇಲೆ ವಚನ, ದಾಸರ ಪದ, ತತ್ವಪದ, ಭಾವಗೀತೆ. ಎಲ್ಲಕ್ಕಿಂತ ಕೆಳಗೆ ‘ಇತರೆ’ ಎಂಬ ಒಂದು ಫೋಲ್ಡರ್. ಯಾರಾದರೂ ಕೈಗೆತ್ತಿಕೊಂಡು ನೋಡಿದರೆ, ಒಳ್ಳೆಯ ಅಭಿರುಚಿಯ ಮನುಷ್ಯ ಅಂದುಕೊಳ್ಳಬೇಕು. ಹಾಗೆ ಅಂದುಕೊಳ್ಳಲಿ ಅಂತಲೇ ಜೋಡಿಸಿದೆನೋ ಏನೋ ಎಂಬ ಅನುಮಾನ ಈಚೆಗೆ ಹತ್ತಿದೆ. ಇದುವರೆಗೆ ಯಾರೂ ಕೈಗೆತ್ತಿಕೊಂಡಿಲ್ಲ, ಆ ಮಾತು ಬೇರೆ.

ನಾನಿರುವುದು ನಾಗಪುರದ ವಾಡಿಯಲ್ಲಿ. (ನಮ್ಮ ಕಲಬುರಗಿ ಕಡೆಯವರು ಸಿಮೆಂಟ್ ಕಾರ್ಖಾನೆಯ ವಾಡಿ ಜಂಕ್ಷನ್ ಅಂದುಕೊಂಡು “ಇಲ್ಲೇ ಅದೀರಲ್ರಿ” ಅನ್ನುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ.) ಅಮರಾವತಿ ರಸ್ತೆಯ ಅಕ್ಕಪಕ್ಕ ಗೋದಾಮು, ಟ್ರಾನ್ಸ್‌ಪೋರ್ಟ್ ಆಫೀಸು, ತಾಡಪತ್ರಿ ಹೊದ್ದು ನಿಂತ ಲಾರಿಗಳು. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟಿದಾಗ ಮನೆಯೊಳಗೆ ಕೂಲರಿನದೇ ಗದ್ದಲ. ಇಯರ್‌ಫೋನ್ ಸಿಕ್ಕಿಸಿಕೊಳ್ಳದೆ ಏನೂ ಕೇಳಿಸದು. ಅಂಥ ಸಂಜೆಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಹಾಡುಗಳ ಹೆಸರು ತಿದ್ದುವುದು ನನ್ನ ಚಟ.

ತಿದ್ದಲಿಕ್ಕೆ ಬೇಕಾದಷ್ಟಿದೆ, ಅದು ನಿಜ. ಹಳೆಯ ಎಂಪಿ3 ಫೈಲುಗಳ ಬಾಲಕ್ಕೆ 128 ಬೈಟಿನ ಒಂದು ಚೀಟಿ ಅಂಟಿರುತ್ತದೆ. ಹಾಡಿನ ಹೆಸರಿಗೆ 30 ಅಕ್ಷರ, ಗಾಯಕರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4. ಸಂಗೀತ ಯಾವ ಬಗೆಯದು ಎನ್ನಲು ಒಂದೇ ಒಂದು ಬೈಟು. ಬಗೆಗಳ ಪಟ್ಟಿಯಲ್ಲಿ ಸೊನ್ನೆ ಅಂದರೆ ಬ್ಲೂಸ್. ಯಾರೂ ತುಂಬದೆ ಸೊನ್ನೆಯಾಗಿಯೇ ಉಳಿದ ಕಡೆ ಪುರಂದರದಾಸರೂ ಬ್ಲೂಸ್, ಶರೀಫರೂ ಬ್ಲೂಸ್. ಭೀಮಸೇನ ಜೋಶಿಯವರ ಹೆಸರಿನ ಹಿಂದೆ ಒಂದು ಕಡೆ ‘ಪಂಡಿತ್’, ಇನ್ನೊಂದು ಕಡೆ ‘ಪಂ.’, ಮತ್ತೊಂದು ಕಡೆ ಏನೂ ಇಲ್ಲ ಅಂದರೆ ಪ್ಲೇಯರಿನ ಪಾಲಿಗೆ ಅವರು ಮೂರು ಜನ. ಅವರು ಹಾಡಿದ ಕನ್ನಡದ ದಾಸರ ಪದ, ಮರಾಠಿಯ ಅಭಂಗ ಎರಡನ್ನೂ ಒಟ್ಟಿಗೆ ಇಡಬೇಕೋ ಬೇರೆ ಬೇರೆಯೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಬೇರೆ ಮಾಡಿದೆ. ಇಲ್ಲಿನ ನೆರೆಹೊರೆಯವರು ಅವರನ್ನು ‘ಆಮ್ಚೇ’ (ನಮ್ಮವರು) ಅನ್ನುವಾಗ ಅವರ ಊರಾದ ಗದಗಿನ ಹೆಸರು ಎತ್ತಲು ನನಗೆ ನಾಲಿಗೆ ತುರಿಸುತ್ತದೆ. ಆ ಸಣ್ಣತನವೂ ಅದರಲ್ಲಿ ಸೇರಿದ್ದೀತು. ಅಷ್ಟು ವಾರಗಳಲ್ಲಿ ಒಂದು ಪದವನ್ನಾಗಲಿ ಅಭಂಗವನ್ನಾಗಲಿ ಪೂರ್ತಿ ಕೇಳಲಿಲ್ಲ. ಆಲಾಪ ಶುರುವಾದ ಕೂಡಲೇ ಹೌದು, ಇದು ಅದೇ ಅಂತ ಖಾತ್ರಿ ಮಾಡಿಕೊಂಡು ಮುಂದಿನ ಫೈಲಿಗೆ ಹೋಗುತ್ತಿದ್ದೆ.

ಪ್ಲೇಯರಿಗೆ ರಾಕ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದ್ದೇನೆ. ಯಾವ ಹಾಡು ಎಷ್ಟು ಸಲ ನುಡಿಯಿತೆಂದು, ನಾವು ಬೇಕೆಂದರೆ, ಅದು ಎಣಿಸಿ ಇಡುತ್ತದೆ. ನಾನೇ ಬೇಕೆಂದಿದ್ದೆ. ಒಂದು ದಿನ ತೆರೆದು ನೋಡಿದರೆ ಪಟ್ಟಿಯ ತುದಿಯಲ್ಲಿ 1987ರ ‘ಪ್ರೇಮಲೋಕ’. ಹಂಸಲೇಖರ ಆ ಹಾಡುಗಳನ್ನು ನಾನು ತಳ್ಳಿದ್ದು ‘ಇತರೆ’ಗೆ. ಮಲ್ಲಿಕಾರ್ಜುನ ಮನ್ಸೂರರ ಮುಂದೆ ಸಾಲು ಸಾಲು ಸೊನ್ನೆ. ಅವರು ಹಾಡುತ್ತಿದ್ದ ಅಪರೂಪದ ರಾಗಗಳ, ಜೋಡುರಾಗಗಳ ಹೆಸರನ್ನು ತಪ್ಪಿಲ್ಲದೆ ಬರೆಯಲು ನಾನು ಪಟ್ಟ ಪಾಡು ಮಾತ್ರ ಆ ಯಂತ್ರಕ್ಕೆ ಗೊತ್ತಿಲ್ಲ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಊಟಕ್ಕೆ ಏಳುವಾಗ ಮನ್ಸೂರರನ್ನು ಹಚ್ಚಿ, ಇಯರ್‌ಫೋನನ್ನು ಮೇಜಿನ ಮೇಲೆ ಬಿಟ್ಟು ಹೋಗತೊಡಗಿದೆ. ಸೊನ್ನೆ ಹೋಗಲಿ ಅಂತ. “ಅದು ಒಂದೇ ಹಾಡ್ಲಿಕತ್ತದಲ್ರಿ, ಬಂದ್ ಮಾಡಬಾರದಾ, ಬ್ಯಾಟರಿ ಹೋಗ್ತದ” ಅಂದಳು ಹೆಂಡತಿ. “ಇರ್ಲಿ ಬಿಡು” ಅಂದೆ. ಯಾಕೆ ಅಂತ ಅವಳು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನದೇ ಪ್ಲೇಯರು, ನನ್ನದೇ ಎಣಿಕೆ, ನೋಡುವವನೂ ನಾನೊಬ್ಬನೇ. ಯಾರ ಕಣ್ಣಿಗೆ ಮಣ್ಣೆರಚುತ್ತಿದ್ದೆ? ನನಗೆ ತೋರುವ ಮಟ್ಟಿಗೆ, ಊರು ಬಿಟ್ಟು ಬಂದವನಿಗೆ ತಾನು ಎಂಥವನು ಅಂತ ತೋರಿಸಿಕೊಳ್ಳಲು ಜನವೇ ಇರುವುದಿಲ್ಲ; ಹಾಗಾಗಿ ಫೋಲ್ಡರುಗಳಿಗೆ ತೋರಿಸಿಕೊಳ್ಳುತ್ತಾನೆ. ಈ ವಿವರಣೆಯೂ ಸ್ವಲ್ಪ ನನ್ನ ಪರವಾಗಿಯೇ ಇದೆ. ಕಲಬುರಗಿಯಲ್ಲಿದ್ದಾಗಲೂ ನಾನು ಇಂಥವನೇ.

ಇಷ್ಟಕ್ಕೇ ನಿಂತಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ. ನಾನು ಲೆಕ್ಕ ಬರೆಯುವ ಆಫೀಸಿಗೆ ವಿಜಯಪುರ, ಸಿಂದಗಿ, ಜೇವರ್ಗಿ ಕಡೆಯ ಲಾರಿಗಳೂ ಬರುತ್ತವೆ. ಲೋಡ್ ಆಗುವ ತನಕ ಹೊತ್ತು ಹೋಗದ ಡ್ರೈವರುಗಳು “ಕನ್ನಡ ಹಾಡು ತುಂಬಿಕೊಡ್ರಿ ಸರ” ಅಂತ ಪೆನ್‌ಡ್ರೈವ್ ಕೊಡುತ್ತಾರೆ. ಅವರಿಗೆ ಬೇಕಾದದ್ದು ಜಾತ್ರೆಯಲ್ಲಿ, ಟ್ರ್ಯಾಕ್ಟರಿನಲ್ಲಿ ಮೊಳಗುವ ಡಿಜೆ ಜಾನಪದ. ಅದು ನನಗೆ ಗೊತ್ತು. ಗೊತ್ತಿದ್ದೂ ನಾನು ತುಂಬಿದ್ದು ಸಿ. ಅಶ್ವತ್ಥ್, ಸಿದ್ಧರಾಮ ಜಂಬಲದಿನ್ನಿ, ಜೊತೆಗೆ ಒಂದಿಷ್ಟು ಮನ್ಸೂರ್. ಸಿಂದಗಿಯವನೊಬ್ಬ ಮುಂದಿನ ಟ್ರಿಪ್ಪಿಗೆ ಬಂದಾಗ ಕೇಳಿದೆ. “ಚಲೋ ಅದಾವ್ರಿ ಸರ. ಖರೆ, ರಾತ್ರಿ ಗಾಡಿ ಹೊಡಿಯೂ ಮುಂದ ನಿದ್ದಿ ಬರ್ತೈತ್ರಿ.”

ಕ್ಯಾಬಿನ್ನಿಗೆ ಹತ್ತಿಸಿ ತೋರಿಸಿದ. ಸ್ಟೀರಿಯೋದ ನೀಲಿ ಪಟ್ಟಿಯಲ್ಲಿ ನನ್ನ ಕನ್ನಡ ಹೆಸರುಗಳೆಲ್ಲ ಬರೀ ಚೌಕ ಚೌಕವಾಗಿ ಓಡುತ್ತಿದ್ದವು. ನಾನಿಟ್ಟ ಕ್ರಮವೂ ಇರಲಿಲ್ಲ. ಇಂಥ ಎಷ್ಟೋ ಅಗ್ಗದ ಸೆಟ್ಟುಗಳು ಹೆಸರು ನೋಡುವುದಿಲ್ಲ, ಫೈಲುಗಳು ಕಾಪಿಯಾದ ಸರದಿಯಲ್ಲೇ ನುಡಿಸುತ್ತವೆ. ಮುಂದಿನ ಹಾಡಿಗೆ ಹೋಗುವ ಗುಂಡಿಯ ಮೇಲಿನ ಬಾಣದ ಗುರುತು ಹೆಬ್ಬೆರಳಿಗೆ ಸವೆದು ಹೋಗಿತ್ತು. ಪಕ್ಕದ ಗುಂಡಿಗಳೆಲ್ಲ ಹೊಸದರ ಹಾಗಿದ್ದವು.

ಕನ್ನಡದ ಸೇವೆ ಅಂತ ಮನಸ್ಸಿನಲ್ಲಿ ಹೆಸರಿಟ್ಟುಕೊಂಡಿದ್ದೆ. ನಾನೇ ಕೇಳದ್ದನ್ನು, ರಾತ್ರಿಯಿಡೀ ಎಚ್ಚರ ಇರಬೇಕಾದ ಮನುಷ್ಯನ ತಲೆಗೆ ಕಟ್ಟಿದ್ದು ಯಾವ ಸೇವೆ? ಆದರೆ ಪೂರ್ತಿ ಸೋಗು ಅಂದುಬಿಟ್ಟರೂ ಸುಳ್ಳಾಗುತ್ತದೆ. ಜಂಬಲದಿನ್ನಿಯವರ ವಚನ ಕೆಲವು ಸಲ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದೆ. ಮನ್ಸೂರರು ನನಗೆ ಇಷ್ಟವೋ, ಇಷ್ಟವಾಗಬೇಕು ಅಂತ ಇಷ್ಟವೋ, ಅದು ಮಾತ್ರ ಇನ್ನೂ ಗೊತ್ತಾಗಿಲ್ಲ. ಗೊತ್ತು ಮಾಡಿಕೊಳ್ಳಲು ಸುಮ್ಮನೆ ಕೂತು ಕೇಳಿದರೆ ಆಯಿತು. ಕೂತರೆ ಯಾವುದಾದರೊಂದು ಇಸವಿ ತಪ್ಪಿರುವುದು ಕಣ್ಣಿಗೆ ಬಿದ್ದು, ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತೇನೆ.

ಈ ವಾರ ಜೇವರ್ಗಿಯ ಗಾಡಿ ಬರುವುದಿದೆ. ಡ್ರೈವರಿಗೆ ಫೋನ್ ಮಾಡಿ ಅವನಿಗೆ ಬೇಕಾದ ಹಾಡುಗಳನ್ನೇ ಬರೆದುಕೊಂಡೆ, ಎಲ್ಲ ಡಿಜೆ ಜಾನಪದವೇ. ಅವನ್ನಷ್ಟೇ ತುಂಬಬೇಕು. ನಡುವೆ ಎಲ್ಲೋ ಎರಡು ವಚನ ತೂರಿಸದೆ ಬಿಡುತ್ತೇನೆಂಬ ನಂಬಿಕೆ ನನಗಿಲ್ಲ.